ಸುಳಿ ನೋಡಿ ತಂದ ಬಂದೂಕು

ನಮ್ಮೂರು ಮಟಕಿಯ ಹೊಲದಲ್ಲಿ ತೊಗರಿಗೆ ಔಷಧಿ ಹೊಡೆಯುತ್ತಿದ್ದಾಗ ಗಂಡನ ಊರು ಕರಜಗಿಯಿಂದ ನನ್ನ ತಂಗಿಯ ಫೋನ್ ಬಂತು.

"ಯಣ್ಣಾ, ನನಗೊಂದು ಬಂದೂಕು ಬೇಕು."

"ಯಾಕ ಬೇ, ನಿನ್ನ ಗಂಡ ಏನರೆ ಅಂದನೇನು?"

"ಅವನಿಗಲ್ಲೋ. ಹೆಗ್ಗಣಕ್ಕ."

ಅವಳ ಕರಿ ಕೋಳಿ ಅಂದೇ ಕಾವಿಗೆ ಕೂತಿತ್ತು. ಹಿಂದಿನ ಎರಡು ಸಲವೂ ಮರಿಗಳನ್ನು ಹೆಗ್ಗಣಗಳು ಹೊತ್ತೊಯ್ದಿದ್ದವು. ಕಬ್ಬಿನ ಬದುವಿನಿಂದ ದನದ ಕೊಟ್ಟಿಗೆಯ ತನಕ ನೆಲದೊಳಗೆ ದಾರಿ ಮಾಡಿಕೊಂಡಿದ್ದವಂತೆ. ಬೋನು ಇಟ್ಟರೆ ರೊಟ್ಟಿ ತಿಂದು ಹೋಗುತ್ತಿದ್ದವು, ಸಿಗುತ್ತಿರಲಿಲ್ಲ. ವಿಷ ಇಡಲು ಅವಳಿಗೆ ಮನಸ್ಸಿಲ್ಲ, ಮನೆಯ ನಾಯಿ ಕಂಡಕಂಡಲ್ಲಿ ಬಾಯಿ ಹಾಕುತ್ತದೆ.

"ಈ ಸಲಾನೂ ಮರಿ ಉಳೀಲಿಲ್ಲಂದ್ರ ನಾ ಕೋಳಿ ಸಾಕೋದ ಬಿಡ್ತೇನಿ. ರೊಕ್ಕ ನನ್ನ ಹಂತ್ಯಾಕ ಅವ. ಆರಿಸಾಕ ಮಾತ್ರ ನೀ ಬಾ" ಅಂದಳು.

ಆರಿಸಲು ನನ್ನನ್ನೇ ಕರೆದದ್ದಕ್ಕೆ ಕಾರಣವಿತ್ತು. ನಮ್ಮೂರಲ್ಲಿ ಯಾರೇ ಎತ್ತು ತರಲಿ, ಜೊತೆಗೆ ನಾನು ಹೋಗಬೇಕು. ಎತ್ತಿನ ಮೈಮೇಲೆ ಕೂದಲು ಎಲ್ಲಿ ಸುತ್ತಿಕೊಂಡು ಸುಳಿಯಾಗಿದೆ, ಯಾವ ಸುಳಿ ಮನೆಗೆ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಅಪ್ಪ ನನಗೆ ಕಲಿಸಿದ್ದ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಆ ಸುಳಿಯ ವಿದ್ಯೆಯೊಂದೇ ನನ್ನ ದೊಡ್ಡಸ್ತಿಕೆ. ತಂಗಿ ಅದನ್ನು ಪೂರ್ತಿ ನಂಬಿದವಳು.

ಗುರಿಯ ವಿಷಯ ಬೇರೆ. ಚಿಕ್ಕಂದಿನಲ್ಲಿ ಜೋಳ ಹಾಲುಗಾಳಾದಾಗ ಹಕ್ಕಿ ಓಡಿಸಲು ನಮ್ಮಿಬ್ಬರನ್ನೂ ಅಟ್ಟಣಿಗೆ ಮೇಲೆ ನಿಲ್ಲಿಸುತ್ತಿದ್ದರು. ಅವಳು ಎಡಗೈಯವಳು. ಎಡಗೈಯಲ್ಲಿ ಕವಣೆ ತಿರುಗಿಸಿ ಬಿಟ್ಟರೆ ಕಲ್ಲು ಅವಳು ಹೇಳಿದ ತೆನೆಯ ಪಕ್ಕಕ್ಕೇ ಹೋಗುತ್ತಿತ್ತು. ನನ್ನ ಕಲ್ಲು ಒಮ್ಮೆ ಅಪ್ಪನ ಬುತ್ತಿಯ ಮೇಲೆ ಬಿದ್ದಿತ್ತು.

ಕಲಬುರಗಿಯ ಬಂದೂಕಿನ ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವನು ಜೇವರ್ಗಿ ಕಡೆಯವನು, ಬಾಯಿ ತುಂಬ ಮಾತು.

"ಬರ್ರಿ ಕಾಕಾ, ಕೂಡ್ರಿ. ಗಾಳಿ ಬಂದೂಕು ಹೌದಲ್ರಿ? ಈ ನಮೂನಿಗೆ ಲೈಸನ್ಸ್ ಬೇಕಿಲ್ಲ, ಆಧಾರ್ ಕಾರ್ಡ್ ಝೆರಾಕ್ಸ್ ಕೊಡ್ರಿ ಸಾಕು. ಗಿಳಿಗೆ, ನವಿಲಿಗೆ ಹೊಡೆದ್ರ ಮಾತ್ರ ಜೇಲ್ ನೋಡ್ರಿ. ಯಾರು ಹೊಡಿಯೋರು?"

ಅಲ್ಲಿ ಇನ್ನೂ ಮೂರ್ನಾಲ್ಕು ಗಂಡಸರು ನಿಂತಿದ್ದರು. ಎಲ್ಲರೂ ನನ್ನ ರುಮಾಲು ನೋಡಿದರು, ಮೀಸೆ ನೋಡಿದರು. ತಂಗಿ ನನ್ನ ಪಕ್ಕದಲ್ಲೇ ಇದ್ದಳು.

"ನಾನೇ ರೀ" ಅಂದೆ.

ಯಾಕೆ ಹಾಗಂದೆನೋ. ಅಂದಿದ್ದಂತೂ ನಿಜ. ತಂಗಿ ಸೆರಗು ಸರಿ ಮಾಡಿಕೊಂಡಳು.

ಅಂಗಡಿಯವನು ಎರಡು ಬಂದೂಕು ತಂದಿಟ್ಟ. ಒಂದು ಹಗುರ, ಸಣ್ಣ ಛರ್ರಾದ್ದು; ಛರ್ರಾ ಅಂದರೆ ಸೀಸದ ಗುಂಡು. ಅದರ ಕಟ್ಟಿಗೆಯ ಹಿಡಿಕೆ ಎರಡೂ ಕಡೆ ಒಂದೇ ಸಮ. ಇನ್ನೊಂದು ಭಾರ, ದೊಡ್ಡ ಛರ್ರಾದ್ದು. ಬಲಗೈಯವರು ಗಲ್ಲ ಊರಲೆಂದು ಅದರ ಹಿಡಿಕೆಯನ್ನು ಒಂದು ಕಡೆ ಉಬ್ಬಿಸಿ ಮಾಡಿದ್ದರು. ಎರಡಕ್ಕೂ ನಳಿಗೆಯನ್ನು ಕೆಳಗೆ ಬಗ್ಗಿಸಿ ಛರ್ರಾ ತುಂಬಬೇಕು.

"ಹೆಗ್ಗಣಕ್ಕ ಸನಿಹದಿಂದ ಹೊಡೀಲಿಕ್ಕೆ ಸಣ್ಣದೂ ನಡೀತದ್ರಿ. ದೊಡ್ಡದಕ್ಕ ಪೆಟ್ಟು ಜೋರು, ಆದ್ರ ರಟ್ಟಿ ಗಟ್ಟಿ ಬೇಕು. ಕಾಕಾ ಅವರ ರಟ್ಟಿಗೇನು ಕಡಿಮಿ!"

ಅಷ್ಟರಲ್ಲಿ ತಂಗಿ ಹಗುರದ್ದನ್ನು ಎತ್ತಿ ಎಡಭುಜಕ್ಕೆ ಕೊಟ್ಟಿದ್ದಳು. ಬಲಗಣ್ಣು ಮುಚ್ಚಿ ಗೋಡೆಯ ಮೇಲಿನ ಹಲ್ಲಿಗೆ ಗುರಿ ಹಿಡಿದಳು. ಅವಳ ಮುಖ ಅಟ್ಟಣಿಗೆ ಮೇಲಿನ ಮುಖವಾಯಿತು.

"ಯಣ್ಣಾ, ಇದು ಕೈಗೆ ಛಲೋ ಕೂಡ್ತದ ನೋಡು."

ನಿಂತವರಲ್ಲಿ ಒಬ್ಬ ನಕ್ಕ. ಅವಳನ್ನು ನೋಡಿ ನಕ್ಕನೋ ನನ್ನನ್ನು ನೋಡಿಯೋ, ನನಗೆ ಮೈ ಉರಿಯಿತು. ಆ ಬಂದೂಕನ್ನು ಅವಳ ಕೈಯಿಂದ ತೆಗೆದುಕೊಂಡು ಎತ್ತಿನ ಮೈ ನೋಡಿದಂತೆ ತಿರುಗಿಸಿ ಮುರುಗಿಸಿ ನೋಡಿದೆ. ಹಿಡಿಕೆಯ ಕಟ್ಟಿಗೆಯಲ್ಲಿ ಒಂದು ಗಂಟು ಇತ್ತು, ಸುತ್ತಲೂ ಗೆರೆ ಗೆರೆ.

"ಸುಳಿ ಅದ. ಕೆಟ್ಟ ಸುಳಿ. ಇದು ಮನಿಗೆ ಬ್ಯಾಡ" ಅಂದೆ.

"ಕಟ್ಟಿಗಿ ಗಂಟು ರೀ ಅದು!" ಅಂದ ಅಂಗಡಿಯವನು. ತಂಗಿ ಮಾತ್ರ ಆ ಗಂಟನ್ನು ಒಮ್ಮೆ ಬೆರಳಿಂದ ಮುಟ್ಟಿ ಕೈ ಹಿಂದಕ್ಕೆ ತೆಗೆದಳು. ಅಪ್ಪನ ಮಾತು ನನ್ನ ಬಾಯಿಂದ ಬಂದರೆ ಅವಳು ಎದುರಾಡುವವಳಲ್ಲ. ಭಾರದ್ದನ್ನೇ ತಂದೆವು.

ಕರಜಗಿಯಲ್ಲಿ ಸಂಜೆ ಹೊಲದ ಬದುವಿಗೆ ಒಂದು ಸಗಣಿ ಕುಳ್ಳು ಆನಿಸಿಟ್ಟು ಸುಣ್ಣದಿಂದ ಬೊಟ್ಟು ಇಟ್ಟೆವು. ತಂಗಿ ನಳಿಗೆ ಬಗ್ಗಿಸಲು ಹೋದಳು. ಆಗಲಿಲ್ಲ. ಮೊಣಕಾಲಿಗೆ ಒತ್ತಿ ಎಳೆದಳು, ಅರ್ಧಕ್ಕೆ ಬಂದು ಕೈ ಜಾರಿ ಬೆರಳ ಗೆಣ್ಣು ತರಚಿತು. ನಾನು ಬಗ್ಗಿಸಿ ಕೊಟ್ಟರೆ ಆ ಉಬ್ಬು ಹಿಡಿಕೆ ಅವಳ ಎಡಗಲ್ಲಕ್ಕೆ ಕೂಡಲೊಲ್ಲದು. ಛರ್ರಾ ಎಲ್ಲಿ ಹೋಯಿತೋ ಯಾರಿಗೂ ಗೊತ್ತಾಗಲಿಲ್ಲ. ಕವಣೆಯಲ್ಲಿ ಒಂದು ಕಲ್ಲನ್ನೂ ದಂಡ ಮಾಡದವಳು ಕುಳ್ಳಿನ ಎದುರು ತಲೆ ತಗ್ಗಿಸಿ ನಿಂತಳು.

"ನಂಗ ಈಗ ಕಣ್ಣು ಮೊದಲಿನಂಗ ಇಲ್ಲ ಕಾಣ್ತದ" ಅಂದಳು.

ಅವಳ ಕಣ್ಣಿಗೆ ಏನೂ ಆಗಿರಲಿಲ್ಲ. ಅದನ್ನು ಹೇಳಬೇಕಾದವನು ನಾನೇ. ಹೇಳದೆ, "ಕೊಡಿಲ್ಲಿ, ನಾ ಹೊಡೀತೇನಿ" ಅಂದೆ. ಹೊಡೆದೆ. ಕುಳ್ಳಿನಿಂದ ಮಾರುದೂರ ಇಟ್ಟಿದ್ದ ಪ್ಲಾಸ್ಟಿಕ್ ಕೊಡಕ್ಕೆ ತೂತು ಬಿದ್ದು ನೀರು ಚಿಮ್ಮಿತು.

ಅವಳ ಗಂಡ, ನಮ್ಮ ಅಳಿಯ, ಬದುವಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. "ಮಾವಾ, ಹೆಗ್ಗಣ ಛರ್ರಾಕ್ಕ ಸಾಯಂಗಿಲ್ಲ, ನಕ್ಕ ನಕ್ಕ ಸಾಯ್ತಾವ!"

ಹೊತ್ತು ಮುಳುಗುವಾಗ ಮನೆಗೆ ಮರಳಿದೆವು. ಕೊಟ್ಟಿಗೆಯ ಮೂಲೆಯಿಂದ ಬೆಕ್ಕಿನಷ್ಟು ದಪ್ಪದ ಹೆಗ್ಗಣವೊಂದು ಹೊರಗೆ ಬಂದು ನಮ್ಮನ್ನೇ ನೋಡುತ್ತ ಕೂತಿತು. ಮಾನ ಉಳಿಸಿಕೊಳ್ಳಲೆಂದು ಅವಸರದಲ್ಲಿ ಹೊಡೆದೆ. ಛರ್ರಾ ತಗಡಿಗೆ ಬಡಿದು ಢಣ್ ಅಂತು. ಹೆಗ್ಗಣ ಬಿಲಕ್ಕೆ ಹೋಯಿತು. ಬೆದರಿದ ಕರಿ ಕೋಳಿ ಕಾವು ಬಿಟ್ಟು ಹಾರಿ ಹಿತ್ತಲ ಗೋಡೆ ಏರಿತು.

ತಂಗಿ ನನ್ನನ್ನು ಬೈದಿದ್ದರೆ ಛಲೋ ಇತ್ತು. ಸೆರಗಿನಲ್ಲಿ ಜೋಳ ಹಾಕಿಕೊಂಡು "ಬಾ ನನ್ನವ್ವ, ಬಾ" ಎಂದು ಕೋಳಿಯ ಹಿಂದೆ ತಿರುಗಿದಳು. ಬುಟ್ಟಿಯಲ್ಲಿ ಮೊಟ್ಟೆ ಆರುತ್ತಿದ್ದವು. ಬಹಳ ಹೊತ್ತಿನ ಮೇಲೆ ಕೋಳಿ ಬಂದು ಕೂತಿತು. ಅವಳು ಉಸಿರು ಬಿಟ್ಟು ಗೋಡೆಗೆ ಒರಗಿದಳು.

ಮರುದಿನ ಬೆಳಿಗ್ಗೆ ಅವಳು ಎಮ್ಮೆ ಹಿಂಡುತ್ತಿದ್ದಾಗ ಹೋಗಿ ಎದುರಿಗೆ ಕೂತೆ.

"ತಂಗೀ, ಆ ಗಂಟು ಕೆಟ್ಟದ್ದಲ್ಲ. ಕಟ್ಟಿಗೀಗೆ ಸುಳಿ ನೋಡೋದು ಅಪ್ಪ ಯಾವತ್ತೂ ಕಲಿಸಿಲ್ಲ. ಆ ಬಂದೂಕು ನಿನ್ನ ಕೈಗೆ ಹೇಳಿ ಮಾಡಿಸಿದಂಗಿತ್ತು. ಮಂದಿ ಮುಂದ ನೀ ಹೊಡಿಯಾಕಿ ಅಂತ ಹೇಳಾಕ ನನಗ ನಾಚಿಕಿ ಆತು. ಅದಕ್ಕ ನೆಪ ಮಾಡಿದೆ."

ಹಾಲಿನ ಸದ್ದು ನಿಂತಿತು.

"ಅಪ್ಪನ ಹೆಸರಿನ ಮ್ಯಾಲ ನೆಪ ಮಾಡಿದಿ?"

"ಹೌದು ಬೇ."

"ನಾ ರಾತ್ರೆಲ್ಲಾ ನನ್ನ ಕಣ್ಣು ಹೋದ್ವು ಅಂತ ಚಿಂತಿ ಮಾಡೇನಿ!"

ಚೊಂಬು ಕೆಳಗಿಟ್ಟು ಎದ್ದಳು. ಹೊಡೆದೇ ಬಿಡುತ್ತಾಳೆ ಅಂದುಕೊಂಡೆ. ನನ್ನ ರುಮಾಲು ಕಿತ್ತು ಒಗೆದು, ತಲೆ ಬಗ್ಗಿಸಿ ಹಿಡಿದು, ಸಂತೆಯ ದಲಾಲಿಯಂತೆ ನೆತ್ತಿ ನೋಡಿದಳು.

"ಇಲ್ಲಿ ನೋಡ್ರಿ, ಇವನಿಗೆ ಎರಡು ಸುಳಿ ಅದಾವ! ಇವ ಹುಟ್ಟಿದ ದಿನಾನೇ ಅಪ್ಪ ನೋಡಿದ್ದಿಲ್ಲೇನು? ಎತ್ತಾಗಿದ್ರ ಸಂತ್ಯಾಗ ಯಾವ ಮೂಳನೂ ಕೊಳ್ತಿದ್ದಿಲ್ಲ!"

ಒಳಗಿಂದ ಅವಳ ಗಂಡ ಕೂಗಿದ: "ಮಾವಗ ಹಲ್ಲು ಎಷ್ಟು ಅವ ಅದೂ ನೋಡಬೇ!"

ಮೊದಲು ಅವಳೇ ನಕ್ಕಳು. ಆಮೇಲೆ ನನಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಎಮ್ಮೆ ನಮ್ಮಿಬ್ಬರನ್ನೂ ತಿರುಗಿ ನೋಡಿತು.

ಅಂದೇ ಬಂದೂಕನ್ನು ಕೌದಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆವು. ಅಂಗಡಿಯಲ್ಲಿ ಅಂದೂ ಮಂದಿ ಇದ್ದರು. ಅಂಗಡಿಯವನು, "ಏನ್ರಿ ಕಾಕಾ, ಭಾರ ಆತೇನು?" ಅಂದ.

"ಬಂದೂಕು ಭಾರಿಲ್ರಿ. ನಿನ್ನಿ ನಾ ಸುಳ್ಳು ಹೇಳಿದ್ದೆ. ಹೊಡಿಯಾಕಿ ನಮ್ಮ ತಂಗಿ. ಎಡಗೈಯಾಕಿ. ನಂಗ ಎಮ್ಮಿನೂ ಗುರಿ ಸಿಗಂಗಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ಎಲ್ಲರೂ ನಕ್ಕರು. ಹಿಂದಿನ ದಿನ ಒಬ್ಬ ನಕ್ಕದ್ದಕ್ಕೆ ಉರಿದಿದ್ದ ಮೈ ಈಗ ತಣ್ಣಗಿತ್ತು. ಹಗುರದ್ದನ್ನು ಯಾರೂ ಒಯ್ದಿರಲಿಲ್ಲ. ಬದಲಿ ಮಾಡಿಕೊಡಲು ಅಂಗಡಿಯವನು ಒಪ್ಪಿದ. ರೂಢಿಯಂತೆ ಅದನ್ನು ನನ್ನ ಕಡೆಗೇ ಚಾಚಿದ. ನಾನು ಕೌದಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ. ತಂಗಿ ತೆಗೆದುಕೊಂಡಳು. ತಾನೇ ನಳಿಗೆ ಬಗ್ಗಿಸಿ ನೋಡಿದಳು. ಕಟಕ್ ಎಂದು ಕೂತಿತು. ಅವಳು ಗಂಟಿನ ಮೇಲೆ ಹೆಬ್ಬೆರಳು ಆಡಿಸಿ, "ಕುಂಕುಮದ ಬೊಟ್ಟು ಇಟ್ಟಂಗದ" ಅಂದಳು.

ಕೋಳಿಯ ಬುಟ್ಟಿಯನ್ನು ಅಡಿಗೆಮನೆಗೆ ಒಯ್ದಿಟ್ಟು, ಬಿಲದ ಎದುರು ಬಕೀಟು ಬೋರಲು ಹಾಕಿ ಅವಳು ದಿನಾ ಸಂಜೆ ಕೂತಳಂತೆ. ಬಿಲದ ಹಿಂದೆ ಮಣ್ಣಿನ ಗೋಡೆ, ಛರ್ರಾ ತಪ್ಪಿದರೂ ಯಾರಿಗೂ ತಾಗದು. ತಪ್ಪಿದ್ದು ಕಡಿಮೆ ಎಂದು ಅಳಿಯ ಫೋನಿನಲ್ಲಿ ಹೇಳುತ್ತಿದ್ದ, ತಾನೇ ಹೊಡೆದಷ್ಟು ಖುಷಿಯಿಂದ.

ಮೊನ್ನೆ ಕರಜಗಿಗೆ ಹೋಗಿದ್ದೆ. ಅಂಗಳದಲ್ಲಿ ಹಗ್ಗದ ಮಂಚದ ಮೇಲೆ ಕೂತರೆ ಕರಿ ಕೋಳಿ ಮರಿಗಳನ್ನು ಕಟ್ಟಿಕೊಂಡು ಬಂತು. ಒಂದು ಮರಿ ನನ್ನ ಪಾದ ಏರಿ ಬೆರಳು ಕುಕ್ಕಿತು. ಕಾಲು ಅಲ್ಲಾಡಿಸದೆ ಕೂತೆ. ಬಂದೂಕು ಒಳಗೆ ಗೂಟಕ್ಕೆ ನೇತಾಡುತ್ತಿತ್ತು.

"ಯಣ್ಣಾ, ಒಂದ ಸಲ ಹೊಡಿತೀಯೇನು?" ಎಂದು ಒಳಗಿಂದ ತಂಗಿ ಕೇಳಿದಳು.

ನಾನು ಬಾಯಿ ತೆರೆಯುವುದರೊಳಗೆ ಅಳಿಯ ಎದ್ದು ಹೊಸ ಕೊಡವನ್ನು ಎತ್ತಿಕೊಂಡು ಮನೆಯೊಳಗೆ ಓಡಿದ.