ಕುರಿದೊಡ್ಡಿಯಲ್ಲಿ ಡಲ್ಸಿಯ ಇಂಗ್ಲಿಷ್ ಪಾಠ

ಡಲ್ಸಿ ಪಾಸ್ಕೋ ಮೇಷ್ಟರಿಕೆಗೆ ಇಳಿದದ್ದು ಎಪ್ಪತ್ತೊಂದನೆಯ ವಯಸ್ಸಿನಲ್ಲಿ. ಅದಕ್ಕೆ ಮುಂಚೆ ಐವತ್ತು ವರ್ಷ ಆಕೆ ಮಾಡಿದ್ದು ಒಂದೇ ಕೆಲಸ: ಕುರಿ ಅಟ್ಟುವ ಕೆಲ್ಪಿ ನಾಯಿಗಳನ್ನು ಸಾಕಿ, ಪಳಗಿಸಿ ಮಾರುವುದು. ಆಸ್ಟ್ರೇಲಿಯಾದ ನಮ್ಮ ಯಾರಂಡಾ ಊರಿನ ಮಾಂಸದ ಕಾರ್ಖಾನೆಗೆ ಅಫ್ಘಾನಿಸ್ತಾನದ ಹಜಾರಾ ಜನ ಕೆಲಸಕ್ಕೆ ಬಂದಿದ್ದರು. ಅವರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದ ಮೇಡಂ ಮೆಲ್ಬರ್ನ್‌ಗೆ ಹೋಗಿಬಿಟ್ಟರು. ಇನ್ನು ಯಾರು ಕಲಿಸುತ್ತೀರಿ, ಕೈ ಎತ್ತಿ ಎಂದು ಚರ್ಚಿನ ಹಿಂದಿನ ಕೋಣೆಯಲ್ಲಿ ಕೇಳಿದಾಗ ಎಲ್ಲರೂ ನೆಲ ನೋಡುತ್ತ ಕೂತರು. ಡಲ್ಸಿ ಎರಡನೆಯ ಬಿಸ್ಕತ್ತಿಗೆಂದು ಕೈ ಚಾಚಿದ್ದಳು. ಅದನ್ನೇ ಒಪ್ಪಿಗೆ ಎಂದು ಬರೆದುಕೊಂಡರು.

ಎರಡು ವಾರ ಆಕೆ ಪುಸ್ತಕ ಹಿಡಿದು ಪಾಠ ಮಾಡಿದಳು. ಮೂರನೆಯ ವಾರ ಇವಾಜ್ ಪುಸ್ತಕ ಮುಚ್ಚಿದ. ನಲವತ್ತರ ಆಸುಪಾಸಿನ ಆಳು. ಕಾರ್ಖಾನೆಯ ತಣ್ಣನೆಯ ಕೋಣೆಯಲ್ಲಿ ನಿಂತು ದಿನಕ್ಕೆ ಎಂಟು ಗಂಟೆ ಕುರಿಯ ಎಡ ಮುಂಗಾಲು ಕತ್ತರಿಸುವುದು ಅವನ ಕೆಲಸ. ಡಲ್ಸಿಯನ್ನು ತನ್ನ ಕಡೆಯ ರೂಢಿಯಂತೆ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ.

"ಖಾಲಾ, ಈ ‘ಗೆಟ್’ ಅಂದ್ರೆ ಏನು?"

"ಸಿಗೋದು. ಏನಾದ್ರೂ ಕೈಗೆ ಸಿಗೋದು."

"ಬಸ್ ಡ್ರೈವರ್ ನನಗೆ ‘ಗೆಟ್ ಆಫ್’ ಅಂದ. ನನಗೇನು ಸಿಕ್ಕಿತು?"

"ರಸ್ತೆ ಸಿಕ್ಕಿತಲ್ಲ" ಎಂದಳು ಡಲ್ಸಿ. ಆದರೆ ಆ ಪ್ರಶ್ನೆ ಆಕೆಯನ್ನು ಬಿಡಲಿಲ್ಲ. ಮುಂದಿನ ಪಾಠಕ್ಕೆ ಪುಸ್ತಕ ತರಲಿಲ್ಲ. ಹದಿನಾಲ್ಕು ಜನ ವಿದ್ಯಾರ್ಥಿಗಳನ್ನೂ ಊರಾಚೆಯ ಕುರಿಸಂತೆಯ ದೊಡ್ಡಿಗೆ ಕರೆತಂದು, ತನ್ನ ನಾಯಿ ಟಿಂಕರನ್ನು ಒಳಗೆ ಬಿಟ್ಟಳು.

ಆ ದೊಡ್ಡಿಯ ತೂಕದ ಕಟ್ಟೆಯಲ್ಲಿ ನನ್ನ ಕೆಲಸ. ಹಾಗಾಗಿ ಪಾಠಗಳೆಲ್ಲ ನನ್ನ ಕಣ್ಣೆದುರೇ ನಡೆದವು. ‘ಗೆಟ್ ಅಪ್’ ಅಂದರೆ ಟಿಂಕರ್ ಒತ್ತಾಗಿ ನಿಂತ ಕುರಿಗಳ ಬೆನ್ನೇರುತ್ತಿತ್ತು. ‘ಗೆಟ್ ಓವರ್’ ಅಂದರೆ ಬೆನ್ನುಗಳ ಮೇಲೇ ಓಡಿ ಆಚೆ ದಾಟುತ್ತಿತ್ತು. ‘ಗೆಟ್ ಬಿಹೈಂಡ್’ ಅಂದರೆ ಡಲ್ಸಿಯ ಹಿಂದೆ ಬಂದು ನಿಲ್ಲುತ್ತಿತ್ತು. ‘ಸ್ಪೀಕ್ ಅಪ್’ ಅಂದರೆ ಬೊಗಳುತ್ತಿತ್ತು. ಕನ್ನಡದಲ್ಲಿ ಏರು, ದಾಟು, ಇಳಿ, ಸರಿ ಎಂದು ಒಂದೊಂದಕ್ಕೂ ಒಂದೊಂದು ಮಾತಿದೆ. ಇಲ್ಲಿ ಮಾತು ಒಂದೇ, ಬಾಲ ಬೇರೆ ಬೇರೆ.

"ನಾಯಿ ಮನಸ್ಸಲ್ಲಿ ಏನಿದೆ ಅಂತ ತಿಳ್ಕೊಳ್ಳೋಕೆ ಬಾಲ ನೋಡ್ತೀರಲ್ಲ, ಇದೂ ಹಾಗೇ" ಎಂದು ಡಲ್ಸಿ ಹೇಳಿಕೊಟ್ಟಳು. "ತಲೆ ನೋಡ್ತಾ ಕೂತ್ರೆ ಕೆಟ್ಟಿರಿ."

ಇನ್ನೊಂದು ದಿನ ಇವಾಜನನ್ನು ಗೇಟಿನ ಎಡಗಂಬವಾಗಿ ನಿಲ್ಲಿಸಿ ‘ಲೆಟ್’ ಎಂದು ಹೆಸರಿಟ್ಟಳು. ಅವನ ಷಡ್ಡಕ ಹುಸೇನ್‌ದಾದ್ ಬಲಗಂಬ, ಅವನು ‘ಔಟ್’. ನಡುವೆ ನುಗ್ಗಿದ ಕುರಿಗಳು ‘ದೆಮ್’. ಸೇರಿಸಿದರೆ ‘ಲೆಟ್ ದೆಮ್ ಔಟ್’, ಅವನ್ನು ಹೊರಗೆ ಬಿಡು.

"‘ಲೆಟ್ ಔಟ್ ದ ಶೀಪ್’ ಅಂತ ಕುರಿ ಹೆಸರು ಹಿಡಿದು ಹೇಳಿದ್ರೆ ಅವು ಕಂಬದ ಆಚೆನೂ ನಿಲ್ಲಬಹುದು. ಬರೀ ‘ಅವು’ ಅಂದ್ರೆ ಮಾತ್ರ ನಡುವೇನೇ ತೂರಬೇಕು."

"ಯಾಕೆ, ಖಾಲಾ?"

"ಟಿಂಕರ್ ಒಂದು ದಿನನಾದ್ರೂ ಯಾಕೆ ಅಂತ ಕೇಳಿದ್ದಾನೇನಪ್ಪ?"

ಒಂದು ಕಟ್ಟಳೆಯನ್ನು ಮಾತ್ರ ಆಕೆ ನಗದೆ ಹೇಳಿದಳು. ಕೆಲಸದಲ್ಲಿರುವ ನಾಯಿಗೆ ಅದರ ಯಜಮಾನ ಮಾತ್ರ ಹೇಳಬೇಕು. ಬೇರೆಯವರು ತುಟಿ ಬಿಚ್ಚುವುದು ಅವನ ಹಲ್ಲುಜ್ಜುವ ಬ್ರಷ್ಷನ್ನು ಎತ್ತಿಕೊಂಡ ಹಾಗೆ.

ಇವಾಜನಿಗೆ ಈ ಪಾಠ ಬರೀ ಹೊತ್ತು ಕಳೆಯಲು ಅಲ್ಲ. ಇಪ್ಪತ್ತು ತುಂಬುವವರೆಗೆ ಬೆಟ್ಟಗಳಲ್ಲಿ ಕುರಿ ಮೇಯಿಸಿದವನು ಅವನು. ಸಂತೆಯ ದೊಡ್ಡಿಯಲ್ಲಿ ಒಂದು ಆಳಿನ ಜಾಗ ಖಾಲಿಯಾಗಿತ್ತು.

"ಸತ್ತ ಕುರಿ ನೋಡಿ ನೋಡಿ ಸಾಕಾಗಿದೆ, ಖಾಲಾ. ಬದುಕಿರೋ ಕುರಿ ಜೊತೆ ಇರ್ಬೇಕು."

ಪಕ್ಕದಲ್ಲೇ ನಿಂತಿದ್ದ ದೊಡ್ಡಿಯ ಮೇಲ್ವಿಚಾರಕ ಬಾರ್ನಿಗೆ ಆ ಮಾತು ಹಿಡಿಸಿತು, ಆದರೆ ಅವನು ಕರಗಲಿಲ್ಲ. "ಕುರಿ ಗೊತ್ತು ಅಂತೀಯ, ಸರಿ. ಗೇಟ್ ಬೀಸಿ ಬರೋವಾಗ ‘ಗೆಟ್ ಬ್ಯಾಕ್’ ಅಂತ ಕೂಗ್ತೀನಿ. ನೀನು ಅರ್ಥ ಹುಡುಕ್ತಾ ನಿಂತ್ರೆ ಪಕ್ಕೆಲುಬು ಹೋಗುತ್ತೆ. ಗುರುವಾರದ ಸಂತೆಗೆ ಬಾ. ಒಂದು ದಿನ ನೋಡ್ತೀನಿ. ಆಗಲಿಲ್ಲ ಅಂದ್ರೆ ಮತ್ತೆ ಕೇಳ್ಬೇಡ."

ಅವನು ಹೇಳಿದ್ದು ಉತ್ಪ್ರೇಕ್ಷೆಯಲ್ಲ. ನಾನು ಒಮ್ಮೆ ಎಣಿಸಿದ್ದೆ: ಎರಡು ಗಂಟೆಯಲ್ಲಿ ಬಾರ್ನಿ ನಲವತ್ತೊಂದು ಸಲ ‘ಗೆಟ್’ ಎಂದಿದ್ದ. ಅದರಲ್ಲಿ ಏನೋ ಸಿಗುವ ಅರ್ಥ ಇದ್ದದ್ದು ಎರಡೇ ಸಲ, ಎರಡೂ ಸಲ ಟೀ ವಿಷಯಕ್ಕೆ.

ಗುರುವಾರ ಹತ್ತು ಗಂಟೆಯವರೆಗೆ ಇವಾಜ್ ಒಂದು ಮಾತಿಗೂ ತಡವರಿಸಲಿಲ್ಲ. ಸರಿ ಅಂದಾಗ ಸರಿದ, ಹತ್ತು ಅಂದಾಗ ಹತ್ತಿದ. ಡಲ್ಸಿ ಕಂಬಿಯ ಬೇಲಿಯ ಹೊರಗೆ ಮಡಿಸುವ ಕುರ್ಚಿ ಹಾಕಿ, ಬನ್ ತಿನ್ನುತ್ತ ಕೂತಿದ್ದಳು. ಯಾರಾದರೂ ಕೇಳಿದರೆ ಬಿಸಿಲು ಕಾಯಿಸಿಕೊಳ್ಳಲು ಬಂದೆ ಎನ್ನುತ್ತಿದ್ದಳು.

ಹತ್ತೂಕಾಲಿಗೆ ಬಾರ್ನಿ ಲಾರಿಯ ಮೇಲೆ ನಿಂತು ಕುರಿಮರಿಗಳನ್ನು ಇಳಿಸುತ್ತಿದ್ದ. ಅವನ ನಾಯಿ ಪೆಪ್ಪರ್, ಅವನು ಹೇಳಿದ ಜಾಗದಲ್ಲೇ, ಲಾರಿಯ ನೆರಳಿನಲ್ಲಿ ಮಲಗಿತ್ತು. ಇವಾಜ್ ಕಿರಿದಾದ ಓಣಿಯಲ್ಲಿ ಬೆನ್ನಿಗೆ ನೀಲಿ ಬಣ್ಣ ಹಚ್ಚಿದ ಇನ್ನೂರು ಟಗರುಗಳ ಹಿಂದೆ ನಿಂತಿದ್ದ. ಓಣಿಯ ಆ ತುದಿಯಲ್ಲಿ ಗೇಟಿನ ಸರಪಳಿ ಕಳಚಿ ಬಿತ್ತು. ಗೇಟಿನಾಚೆ ಇದ್ದದ್ದು ಬೇರೆ ರೈತನ ಕೆಂಪು ಬಣ್ಣದ ಹಿಂಡು.

ಎರಡು ಹಿಂಡು ಬೆರೆಯುವುದಕ್ಕಿಂತ ದೊಡ್ಡ ಅವಮಾನ ಸಂತೆಯಲ್ಲಿಲ್ಲ. ಬೇರೆ ಮಾಡುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ, ಕೊಳ್ಳುವವರು ಮನೆಗೆ ಹೋಗುತ್ತಾರೆ. ಇನ್ನೂರು ಕುರಿ ದಾಟಿ ಓಡಲು ಇವಾಜನಿಗೆ ಜಾಗವಿರಲಿಲ್ಲ. ಲಾರಿಯ ಸದ್ದಿನಲ್ಲಿ ಬಾರ್ನಿಗೆ ಕೂಗು ಕೇಳುವಂತಿರಲಿಲ್ಲ. ಇವಾಜ್ ಪೆಪ್ಪರ್ ಕಡೆ ನೋಡಿದ. ಆಮೇಲೆ ಡಲ್ಸಿಯ ಕಡೆ ನೋಡಿದ. ಆಕೆ ಬನ್ ಅಗಿಯುವುದನ್ನು ನಿಲ್ಲಿಸಿದ್ದಳು.

"ಪೆಪ್ಪರ್. ಗೆಟ್ ಅಪ್. ಗೆಟ್ ಓವರ್."

ಪೆಪ್ಪರನ್ನು ಬಾರ್ನಿಗೆ ಮಾರಿದವಳೇ ಡಲ್ಸಿ. ಅದಕ್ಕೆ ಮೊದಲ ಅಕ್ಷರ ಕಲಿಸಿದವಳೂ ಆಕೆಯೇ. ಇವಾಜನ ಬಾಯಲ್ಲಿ ಬಂದದ್ದು ಆಕೆಯ ರಾಗವೇ, ಆಕೆ ಕೊನೆಯಲ್ಲಿ ಎಳೆಯುವ ಎಳೆತ ಸಹಿತ. ನಾಯಿ ಒಂದು ಕ್ಷಣ ಯಜಮಾನನ ಕಡೆ ಕತ್ತು ತಿರುಗಿಸಿತು. ಮರುಕ್ಷಣ ನೀಲಿ ಬೆನ್ನುಗಳ ಮೇಲೆ ಓಡುತ್ತಿತ್ತು.

"ಸ್ಪೀಕ್ ಅಪ್."

ಗೇಟಿನ ಬಾಯಲ್ಲಿ ನಿಂತು ಪೆಪ್ಪರ್ ಬೊಗಳಿತು. ಮುಂದಿನ ಟಗರುಗಳು ಕಾಲೂರಿ ನಿಂತವು. ಇವಾಜ್ ಬೇಲಿ ಹತ್ತಿ, ಕಂಬಿಯ ಮೇಲೆ ನಡೆದು ಹೋಗಿ ಸರಪಳಿ ಬಿಗಿದ.

ಗೇಟಿನ ಬಾಯಲ್ಲಿ ತನ್ನ ನಾಯಿಯನ್ನು ಕಂಡು ಬಾರ್ನಿ ಲಾರಿಯಿಂದಿಳಿದು ಬಂದ. ಮುಖ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು.

"ನನ್ನ ನಾಯಿ ಹತ್ರ ಮಾತಾಡಿದ್ದು ಯಾರು?"

ಹರಾಜು ಕೂಗುವವನು ಕೂಡ ಇತ್ತ ತಿರುಗಿದ.

"ನಾನು" ಎಂದಳು ಡಲ್ಸಿ.

"ನಿನ್ನ ಬಾಯಲ್ಲಿ ಅರ್ಧ ಬನ್ ಇದೆ, ಡಲ್ಸಿ."

"ಬನ್ ಇದ್ರೂ ಮಾತಾಡ್ತೀನಿ. ಈಗ ಮಾತಾಡ್ತಿಲ್ವಾ?"

"ಖಾಲಾ, ಬಿಡಿ" ಎಂದ ಇವಾಜ್. ಅವನು ಬೇಲಿಯಿಂದಿಳಿದು ಬಾರ್ನಿಯ ಎದುರು ನಿಂತ. "ಮಾತಾಡಿದ್ದು ನಾನು. ತಪ್ಪು ಅಂತ ಗೊತ್ತಿತ್ತು."

ಬಾರ್ನಿ ಗೇಟು ನೋಡಿದ, ಸರಪಳಿ ಎಳೆದು ನೋಡಿದ, ಕೆಂಪು ಹಿಂಡಿನ ಕಡೆ ಕಣ್ಣು ಹಾಯಿಸಿದ.

"ಎಷ್ಟು ದಾಟಿದ್ವು?"

"ಮೂರು."

"ಮೂರೇನಾ?"

"ಮೂರೇ."

ಬಾರ್ನಿ ತಾನೇ ಒಳಗೆ ಹೋಗಿ ಎಣಿಸಿದ. ಮೂರೇ ಇದ್ದವು. ಅವುಗಳನ್ನು ಒಂದೊಂದಾಗಿ ಎಳೆದು ತಂದು ನೀಲಿ ಹಿಂಡಿಗೆ ತಳ್ಳಿದ. ಡಲ್ಸಿಯ ಕೈಯಲ್ಲಿದ್ದ ಬನ್ ಪುಡಿಯಾಗಿ ಹೋಗಿತ್ತು.

"ಸೋಮವಾರ ಆರು ಗಂಟೆಗೆ ಬಾ" ಎಂದ ಬಾರ್ನಿ. "ನನ್ನ ನಾಯಿ ಹತ್ರ ಇನ್ನೊಂದು ಸಲ ಮಾತಾಡಿದ್ರೆ ನಿನ್ನನ್ನೇ ಹರಾಜು ಹಾಕಿಸ್ತೀನಿ. ನಿಂದೇ ಒಂದು ನಾಯಿ ಇಟ್ಕೋ."

ಟಿಂಕರಿನ ತಂಗಿ ಆ ತಿಂಗಳು ಐದು ಮರಿ ಹಾಕಿತ್ತು. ಅದರಲ್ಲಿ ಕಂದು ಬಣ್ಣದ್ದನ್ನು ಇವಾಜ್ ಆರಿಸಿಕೊಂಡ. ಅದಕ್ಕೆ ಅವನು ಇಂಗ್ಲಿಷಿನ ಒಂದು ಮಾತೂ ಕಲಿಸಲಿಲ್ಲ. ಬಾ ಅನ್ನುವುದಕ್ಕೆ ಬಿಯಾ, ಕೂರು ಅನ್ನುವುದಕ್ಕೆ ಬಿಶಿ. ಎಲ್ಲ ಅವನ ಹಜಾರಗಿ ಭಾಷೆಯಲ್ಲಿ.

"ಇದೇನಯ್ಯ ಮೋಸ" ಎಂದ ಬಾರ್ನಿ.

"ನನ್ನ ನಾಯಿ ಹತ್ರ ಬೇರೆಯವರು ಮಾತಾಡಬಾರದಲ್ಲ, ಬಾಸ್" ಎಂದ ಇವಾಜ್. "ಅದಕ್ಕೇ ಬೇಲಿ ಹಾಕ್ದೆ."

ಡಲ್ಸಿಗೆ ಮಾತ್ರ ಅವನು ವಿನಾಯಿತಿ ಕೊಟ್ಟ. ಮಂಗಳವಾರ ಸಂಜೆ ಪಾಠ ಮುಗಿದ ಮೇಲೆ ಆಕೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂರುತ್ತಾಳೆ, ಮರಿ ಎದುರಿಗೆ ನಿಲ್ಲುತ್ತದೆ.

"ಬಿಶಿ."

"ಎಳೀಬೇಡಿ, ಖಾಲಾ. ಚಿಕ್ಕದಾಗಿ ಹೇಳಿ."

"ಚಿಕ್ಕದಾಗೇ ಹೇಳ್ದೆ."

"ಹಾಗಾದ್ರೆ ಮರಿ ಯಾಕೆ ಕೂರಲಿಲ್ಲ?"

"ಅದಕ್ಕೆ ಕಿವಿ ಮಂದ" ಎಂದು ಡಲ್ಸಿ ಗಂಟಲು ಸರಿಮಾಡಿಕೊಂಡಳು. "ಬಿಶಿ."

ಮರಿ ಆಕೆಯ ಬೂಟಿನ ಲೇಸು ಕಚ್ಚಿ, ಕಾಲೂರಿ ಎಳೆಯತೊಡಗಿತು.