ಚಂಪತ್ತಿಯೂ ನಾನೂ ಬರೆದ ಮೆಟ್ರಿಕ್

ಸೀದ ಜೋಳದ ರೊಟ್ಟಿಯ ವಾಸನೆ ಎಲ್ಲಿಂದಲಾದರೂ ಬಂದರೆ ಹಳಿಯಾಳದ ನಮ್ಮ ಅಡುಗೆಮನೆ ನೆನಪಾಗುತ್ತದೆ. ಅಪ್ಪನ ತಂಗಿ ಚಂಪತ್ತಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ನಾನು ಹೊಸ್ತಿಲ ಬಳಿ ಕೂತು ಗಟ್ಟಿಯಾಗಿ ಪಾಠ ಓದುತ್ತಿದ್ದೆ. ಪಾಠ ರುಚಿಗಟ್ಟಿತೆಂದರೆ ಅವಳ ಕೈ ನಿಲ್ಲುತ್ತಿತ್ತು, ಹಂಚಿನ ಮೇಲಿನ ರೊಟ್ಟಿ ಕರ್ರಗಾಗುತ್ತಿತ್ತು. ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡು ಅವನ ಊರು ಮಳಗಿಯಿಂದ ತವರಿಗೆ ಮರಳಿದವಳು ಅವಳು. ಕಲಿತದ್ದು ನಾಲ್ಕನೆಯ ಇಯತ್ತೆ. ಅವ್ವ ಇಲ್ಲದ ನನ್ನನ್ನು ಬೆಳೆಸುತ್ತ, ವರ್ಷ ವರ್ಷ ನಾನು ತಂದ ಪುಸ್ತಕಗಳನ್ನೆಲ್ಲ ನನ್ನ ಜೊತೆಗೇ ಓದಿಬಿಟ್ಟಳು. ಗಣಿತ, ಇಂಗ್ಲಿಷು ಯಾವುದನ್ನೂ ಬಿಡಲಿಲ್ಲ.

ಅದು ಎರಡನೆಯ ಮಹಾಯುದ್ಧದ ಕಾಲ. ಮೆಟ್ರಿಕ್ ಪಾಸಾದರೆ ಧಾರವಾಡದ ಕಾಲೇಜಿಗೆ ಕಳಿಸುತ್ತೇನೆಂದು, ಕಟ್ಟಿಗೆ ಡಿಪೋದಲ್ಲಿ ಕಾರಕೂನನಾಗಿದ್ದ ಅಪ್ಪ ಹೇಳಿದ್ದ. ನನಗೆ ಅಂಜಿಕೆಯಿದ್ದದ್ದು ಪ್ರಬಂಧದ್ದು. ಮಾಸ್ತರರು ಬರೆಸಿದ್ದನ್ನೆಲ್ಲ ಬಾಯಿಪಾಠ ಮಾಡುತ್ತಿದ್ದೆ. ಅತ್ತಿ ಮಾತ್ರ ಮಧ್ಯಾಹ್ನ ಕೆಲಸ ಮುಗಿಸಿ, ನನ್ನ ಹಳೆಯ ವಹಿಗಳ ಖಾಲಿ ಹಾಳೆಗಳಲ್ಲಿ ತನ್ನಷ್ಟಕ್ಕೆ ಏನೋ ಬರೆಯುತ್ತಿದ್ದಳು, ಕೇಳಿದರೆ ತೋರಿಸುತ್ತಿರಲಿಲ್ಲ. ಅಪ್ಪ ನನ್ನ ಫಾರ್ಮು ತುಂಬಿದ ದಿನ ಬಾಗಿಲ ಮರೆಯಿಂದ ಹೇಳಿದಳು: “ಅಣ್ಣಾ, ಪರೀಕ್ಷಾಕ್ಕ ನಾನೂ ಕೂಡ್ತೇನಿ.”

ಅಪ್ಪ ಲೇಖನಿ ಕೆಳಗಿಟ್ಟ. “ಮಂದಿ ಏನಂದಾರು, ಚಂಪಾ?”

“ಮಂದಿ ಏನಾರ ಅನ್ಲಿ. ನೀ ಏನಂತಿ?”

ಮರುದಿನ ಅಪ್ಪ ಇನ್ನೊಂದು ಫಾರ್ಮು ತಂದ.

ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದ ಮೋಟರು ಬಸ್ಸಿನಲ್ಲಿ ಮೂವರೂ ಪರೀಕ್ಷೆಗೆ ಧಾರವಾಡಕ್ಕೆ ಹೋದೆವು. ‘ನಾನು ಮಾಡಿದ ಒಂದು ಪ್ರಯಾಣ’ ಎಂಬುದು ಪ್ರಬಂಧದ ವಿಷಯ. ನಾನು ಬಾಯಿಪಾಠದ ಕಾಶೀಯಾತ್ರೆಯನ್ನು ಬರೆದೆ, ಅರ್ಧಕ್ಕೆ ಮರೆತುಹೋಯಿತು. ಮರಳುವಾಗ ಅತ್ತಿಯನ್ನು ಕೇಳಿದೆ. “ಮಳಗಿಯಿಂದ ಗಾಡಿಯೊಳಗ ಈ ಮನಿಗೆ ಬಂದೆನಲ್ಲ, ಅದನ್ನ ಬರದೆ,” ಎಂದಳು.

“ಅಳು ಬರಲಿಲ್ಲೇನ?”

“ಬರಕೋತ ಹೋದಂಗ ಹಗುರಾತು.”

ಪತ್ರಿಕೆಯಲ್ಲಿ ಫಲಿತಾಂಶ ಬಂದಾಗ ಅವಳ ನಂಬರಿತ್ತು, ನನ್ನದಿರಲಿಲ್ಲ. “ನನ್ನ ಪುಸ್ತಕಾ ಓದಿ ನೀ ಪಾಸಾದಿ,” ಎಂದುಬಿಟ್ಟೆ. ಅವಳು ಪತ್ರಿಕೆ ಮಡಿಸಿಟ್ಟಳು. ಸಂಜೆ ನನ್ನ ತಲೆ ಬಾಚುತ್ತ, “ಇನ್ನೊಂದು ವರ್ಷ ಇಬ್ಬರೂ ಕೂಡಿ ಓದೂಣು,” ಎಂದಳು. ಮುಂಡಗೋಡಿನ ಹೆಣ್ಣುಮಕ್ಕಳ ಶಾಲೆಯಿಂದ ಮುಂದಿನ ವಾರವೇ ಅವಳಿಗೆ ಕಲಿಸಲು ಕರೆ ಬಂದಿತ್ತು. ಒಂದು ವರ್ಷ ತಡೆಯಿರೆಂದು ಅವಳು ಬರೆದು ಹಾಕಿದ್ದಳು. ಇದು ನನಗೆ ಗೊತ್ತಾದದ್ದು ನಾನು ಪಾಸಾಗಿ ಕಾಲೇಜು ಸೇರಿದ ಮೇಲೆ, ಅಪ್ಪನಿಂದ. ಆಡಿದ ಮಾತಿಗೆ ಕ್ಷಮೆ ಕೇಳೋಣವೆಂದು ಮುಂಡಗೋಡಿಗೆ ಹೋದರೆ, ಅವಳಿಗೆ ಆ ಮಾತೇ ನೆನಪಿರಲಿಲ್ಲ, ಅಥವಾ ಹಾಗೆಂದಳು.

ಅತ್ತಿ ತೀರಿಹೋಗಿ ಬಹಳ ವರ್ಷಗಳಾದವು. ಹಳಿಯಾಳದ ಮನೆಯೂ ಕೈಬಿಟ್ಟಿತು. ರಜೆಯಲ್ಲಿ ನಾನು ಮುಂಡಗೋಡಿಗೆ ಹೋದಾಗೆಲ್ಲ ಅವಳು ನೀರು ಕೊಟ್ಟು, ಎದುರಿಗೆ ಕೂತು, “ದಾರ್‍ಯಾಗ ಏನೇನು ಕಂಡಿ, ಹೇಳು,” ಎನ್ನುತ್ತಿದ್ದಳು. ಈಗಲೂ ಮೋಟರಿನಲ್ಲಿ ಕಿಟಕಿಯ ಪಕ್ಕವೇ ಕೂರುತ್ತೇನೆ. ಕಂಡದ್ದನ್ನು ಹೇಳಲು ಮನೆಯಲ್ಲಿ ಯಾರೂ ಇಲ್ಲ.