ಮುತ್ಯಾನ ಬಲಗಿವಿ

ನಾನು ಬೆಳೆದ ಸೋಲಾಪುರದ ಮನೆಯಲ್ಲಿ ಭಾನುವಾರ ಒಂದು ಥರದ ಮೋಕ್ಷ, ಸೋಮವಾರ ಇನ್ನೊಂದು ಥರದ್ದು. ಭಾನುವಾರ ಮಿಶನ್ನಿನ ಚರ್ಚಿನಲ್ಲಿ ನಮ್ಮ ಪಾದ್ರಿಗಳು ಮರಾಠಿಯಲ್ಲಿ ಗುಡುಗುತ್ತಿದ್ದರು: ಯಾರು ಪಾರಾಗುತ್ತಾರೆ, ಯಾರು ಮುಳುಗುತ್ತಾರೆ ಎನ್ನುವುದನ್ನು ದೇವರು ಭೂಮಿಯನ್ನು ಮಾಡುವ ಮೊದಲೇ ನಿಶ್ಚಯಿಸಿಬಿಟ್ಟಿದ್ದಾನೆ, ಮನುಷ್ಯನ ಕೈಯಲ್ಲಿ ಏನೂ ಇಲ್ಲ. ಸೋಮವಾರ ಕಾನ್ವೆಂಟಿಗೆ ಹೋದರೆ ನಮ್ಮ ಕ್ಲಾಸಿನ ಸಿಸ್ಟರ್ ಕೆಂಪು ಮೂಗನ್ನು ಒರೆಸಿಕೊಳ್ಳುತ್ತ, ‘ಮೈ ಡಿಯರ್ ಚೈಲ್ಡ್, ಯು ಹ್ಯಾವ್ ಎ ಫ್ರೀ ವಿಲ್. ಎಲ್ಲವೂ ನಿನ್ನ ಕೈಯಲ್ಲೇ ಇದೆ’ ಎನ್ನುತ್ತಿದ್ದರು. ನನ್ನ ಕೈಯಲ್ಲಿ ಆಗ ಸಾಮಾನ್ಯವಾಗಿ ಇರುತ್ತಿದ್ದದ್ದು ಇಂಕಿನ ಕಲೆ.

ಚರ್ಚಿನ ಹುಡುಗಿಯನ್ನು ಕಾನ್ವೆಂಟಿಗೆ ಹಾಕಿದ್ದು ಅಪ್ಪನ ಉಪಾಯ. ಅಪ್ಪ ಬಟ್ಟೆ ಮಿಲ್ಲಿನಲ್ಲಿ ಗುಮಾಸ್ತ. ‘ಧರ್ಮ ಮಿಶನ್ನಿನಿಂದ, ಗ್ರಾಮರ್ ಕಾನ್ವೆಂಟಿನಿಂದ’ ಎಂದು ಅವನು ಕೇಳಿದವರಿಗೆಲ್ಲ ಹೇಳುತ್ತಿದ್ದ, ಎರಡು ಅಂಗಡಿಯಿಂದ ಕಿರಾಣಿ ತಂದವನ ಹಾಗೆ. ಎಲ್ಲವೂ ಮೊದಲೇ ನಿಶ್ಚಯವಾಗಿದೆ ಎಂದು ನಂಬಿದ ಈ ಮನುಷ್ಯ ರೈಲು ತಪ್ಪೀತೆಂದು ಒಂದು ತಾಸು ಮೊದಲೇ ಸ್ಟೇಷನ್ನಿಗೆ ಹೋಗಿ ಟ್ರಂಕಿನ ಮೇಲೆ ಕೂತಿರುತ್ತಿದ್ದ. ಎಲ್ಲವೂ ನಿನ್ನ ಕೈಯಲ್ಲೇ ಇದೆ ಎನ್ನುವ ಸಿಸ್ಟರ್ ಇನ್‌ಸ್ಪೆಕ್ಟರ್ ಬರುವ ದಿನ ಮಾತ್ರ ಯಾವುದನ್ನೂ ನಮ್ಮ ಕೈಗೆ ಬಿಡದೆ, ಬೆಳಗಿನಿಂದ ಜಪಮಣಿ ಎಣಿಸುತ್ತಿದ್ದರು. ಲೈಫ್ ಈಸ್ ಲೈಕ್ ದ್ಯಾಟ್.

ಮೂರನೆಯ ಥರದ್ದು ಅಕ್ಕಲಕೋಟೆಯಲ್ಲಿತ್ತು, ನಮ್ಮ ಆಯಿಯ ಹತ್ತಿರ. ಆಯಿ ಎಂದರೆ ನಮ್ಮ ಕಡೆ ಅಪ್ಪನ ತಾಯಿ. ಅವಳ ಗಂಡ ಮುತ್ಯಾ. ಅವರದು ಕುರಿ ಕಾಯುವ ಮನೆತನ. ಮುತ್ಯಾ ಮುದಿವಯಸ್ಸಿನಲ್ಲಿ ಮಿಶನ್ ಡಾಕ್ಟರರ ಗಾಡಿ ಹೊಡೆಯುತ್ತ ಹೊಡೆಯುತ್ತ ಕ್ರಿಶ್ಚನ್ ಆದ. ಮಗನೂ ಸೊಸೆಯೂ ಹಿಂದೆ ಹೋದರು. ಆಯಿ ಹೋಗಲಿಲ್ಲ. ಅವಳ ಹಣೆಯ ಮೇಲೆ ಕುಲದೇವರು ಬೀರೋಬನ ಅರಿಸಿನದ ಭಂಡಾರ, ಅದರ ಕೆಳಗೆ ಶೆಟಿಗೆವ್ವನ ಬರಹ. ಕೂಸು ಹುಟ್ಟಿದ ಐದನೆಯ ರಾತ್ರಿ ಶೆಟಿಗೆವ್ವ ಬಂದು ಹಣೆಯ ಮೇಲೆ ಎಲ್ಲ ಬರೆದು ಹೋಗುತ್ತಾಳೆ ಎನ್ನುವುದು ಅವಳ ನಂಬಿಕೆ. ‘ನಿಮ್ಮ ಪಾದ್ರಿ ಹೇಳೂದೂ ಅದನ ಅಲ್ಲ?’ ಎಂದು ಅಪ್ಪನನ್ನು ಕೆಣಕುತ್ತಿದ್ದಳು. ‘ನಮ್ಮಾಕಿ ಐದ ದಿನಾ ಕಾಯ್ತಾಳ, ನಿಮ್ಮಾಂವಗ ಅಷ್ಟೂ ತಡಿಯಾಕ ಆಗಿಲ್ಲ.’

ಹೀಗಿದ್ದ ಆಯಿ, ಮುತ್ಯಾ ತೀರಿಕೊಂಡ ಮರುವರ್ಷ, ದೀಕ್ಷಾಸ್ನಾನ ಮಾಡಿಸಿಕೊಳ್ಳುತ್ತೇನೆಂದು ಎದ್ದು ನಿಂತಳು. ಕ್ರಿಸ್ಮಸ್ ರಜೆ; ನಾವು ಅಕ್ಕಲಕೋಟೆಯಲ್ಲಿದ್ದೆವು. ಅಪ್ಪನ ಕಣ್ಣಲ್ಲಿ ನೀರು ಬಂತು. ‘ಯವ್ವಾ, ದೇವರ ನಿನ್ನ ಕರದಾನ!’ ಎಂದ.

‘ದೇವರೇನ ಕರದಿಲ್ಲ. ನಿಮ್ಮಪ್ಪಗ ಕಿವಿ ಕೇಳೂದಿಲ್ಲ,’ ಎಂದಳು ಆಯಿ.

ವಿಷಯ ಇಷ್ಟು. ಮುತ್ಯಾನಿಗೆ ಎಡಗಿವಿ ಪೂರ್ತಿ ಕಿವುಡು. ಬಲಗಿವಿಯೂ ಆಯಿಯ ಗಂಟಲೊಂದಕ್ಕೇ ತೆರೆಯುತ್ತಿತ್ತು. ಡಾಕ್ಟರ್ ಸಾಹೇಬರು ಕೂಡ ಗಾಡಿ ಹೂಡಿಸಬೇಕಾದರೆ ಮೊದಲು ಅವಳನ್ನು ಕರೆಯಬೇಕಾಗಿತ್ತು. ಅವನನ್ನು ಹೂಳಿದ್ದು ಸೋಲಾಪುರದಲ್ಲಿ, ಕ್ರಿಶ್ಚನ್ನರ ಗೋರಿಗಳ ಜಾಗದಲ್ಲಿ. ಅಂದು ಪಾದ್ರಿಗಳು, ಕಡೆಯ ದಿನ ತುತ್ತೂರಿ ಊದುತ್ತದೆ, ಮಲಗಿದವರೆಲ್ಲ ಎದ್ದು ಬರುತ್ತಾರೆ ಎಂದು ಹೇಳಿದ್ದನ್ನು ಆಯಿ ಅಕ್ಷರಶಃ ಕೇಳಿಸಿಕೊಂಡಿದ್ದಳು. ಅದೊಂದೇ ಮಾತು ಅವಳನ್ನು ವರ್ಷವಿಡೀ ಕೊರೆದಿತ್ತು.

‘ಎಲ್ಲಾರೂ ಎದ್ದ ಹೋಗ್ತಾರ, ಅಂವಾ ಒಬ್ಬಾಂವ ಬಾಯಿ ತಕ್ಕೊಂಡ ಮಲಗಿರ್ತಾನ. ಯಾರ ಎಬ್ಬಸಬೇಕು? ಬಾಜೂಕ ಜಾಗಾ ಖಾಲಿ ಐತಿ. ನನ್ನ ಅಲ್ಲೇ ಇಡ್ರಿ.’

ಆದರೆ ಅಲ್ಲಿ ದೀಕ್ಷಾಸ್ನಾನ ಆದವರಿಗೆ ಮಾತ್ರ ಜಾಗ. ದೀಕ್ಷಾಸ್ನಾನ ಕೊಡುವ ಮೊದಲು ಪಾದ್ರಿಗಳು ಪರೀಕ್ಷೆ ಮಾಡಬೇಕು. ಪರೀಕ್ಷೆ ಎಂದ ಕೂಡಲೇ ಅಪ್ಪ ಮೇಷ್ಟರಾದ. ಮೂರು ಪ್ರಶ್ನೆಗೆ ಆಯಿ ಚೆನ್ನಾಗಿಯೇ ಉತ್ತರ ಹೇಳಿದಳು. ದೇವರು ಒಬ್ಬನೋ? ಒಬ್ಬನ. ಪಾಪ ಮಾಡಿದ್ದೀಯೋ? ಸಾಕಷ್ಟು. ಬೀರೋಬನನ್ನು ಬಿಡುತ್ತೀಯೋ? ಇಲ್ಲಿ ಗೋಡೆ ನೋಡಿ, ‘ಅವಗ ಹೇಳಿ ಬಂದೀನಿ. ಹೋಗಿ ಬಾ ಅಂದಾನ,’ ಎಂದಳು. ಅಪ್ಪ ಅದನ್ನು ಪಾಸ್ ಮಾಡಿದ. ನಾಲ್ಕನೆಯದಕ್ಕೆ ಮಾತ್ರ ಕತ್ತೆ ಕಾಲೂರಿ ನಿಂತ ಹಾಗೆ ನಿಂತಳು.

‘ದೇವಾನೆ ಮಲಾ ನಿವಡಲಂ, ಅಂತ ಅನ್ನು. ಪಾದ್ರಿ ಸಾಹೇಬರಿಗೆ ಕನ್ನಡ ಬರೂದಿಲ್ಲ, ಮರಾಠಿದಾಗ ಅನ್ನು.’

‘ನಾ ಅನ್ನೂದಿಲ್ಲ.’

‘ಯಾಕ ಅನ್ನೂದಿಲ್ಲ?’

‘ಯಾರರ ತಮ್ಮ ಬಾಯೀಲೆ ತಾವ ಅಂಥಾ ಮಾತ ಅಂತಾರೇನೋ?’

ಇದು ಆಯಿಯ ವಿನಯ ಎಂದು ಅಪ್ಪ ತಿಳಿದ. ಆ ಮರಾಠಿ ಮಾತಿನ ಅರ್ಥದಂತೆ, ದೇವರು ನನ್ನನ್ನು ಆರಿಸಿಕೊಂಡಿದ್ದಾನೆ ಎಂದು ಜಂಬ ಕೊಚ್ಚಿಕೊಳ್ಳಲು ನಾಚುತ್ತಾಳೆ ಎಂದುಕೊಂಡು ಇನ್ನಷ್ಟು ಹಿಗ್ಗಿದ.

ಪಾದ್ರಿಗಳು ಬಂದರು. ಅಕ್ಕಲಕೋಟೆ ರೋಡ್ ಸ್ಟೇಷನ್ನಿಗೆ ಅಪ್ಪ ವಾಡಿಕೆಯಂತೆ ಒಂದು ತಾಸು ಮೊದಲೇ ಹೋಗಿ ಅವರನ್ನು ಟಾಂಗಾದಲ್ಲಿ ಕರೆತಂದ. ಅವರು ನಗರದ ಕಡೆಯ ಮರಾಠಿಯವರು. ಉದ್ದಕ್ಕೆ, ತೆಳ್ಳಗೆ, ಮುಚ್ಚಿದ ಛತ್ರಿಯ ಹಾಗೆ. ಆಯಿ ಪಡಸಾಲೆಯಲ್ಲಿ ಮೊರ ಹಿಡಿದು ಕೂತಿದ್ದಳು. ಅತಿಥಿ ಬಂದರೆ ಮಾತ್ರ ನಮ್ಮಲ್ಲಿ ಅನ್ನ. ಉಳಿದ ದಿನ ಜೋಳದ ರೊಟ್ಟಿ. ಅವಳ ಬೆರಳು ಪಟಪಟನೆ ಅಕ್ಕಿಯೊಳಗೆ ಓಡಾಡುತ್ತಿತ್ತು. ಪಾದ್ರಿಗಳು ಖುರ್ಚಿಯ ತುದಿಯಲ್ಲಿ ಕೂತು, ಒಳ್ಳೆಯ ದನಿಯಲ್ಲಿ, ಮೊದಲಿನ ಮೂರು ಬಿಟ್ಟು ನೇರ ನಾಲ್ಕಕ್ಕೇ ಕೈ ಹಾಕಿದರು.

‘ಆಜೀಬಾಯಿ, ದೇವಾನೆ ತುಮ್ಹಾಲಾ ನಿವಡಲಂಯ!’

ಆಯಿಯ ಬೆರಳು ನಿಂತಿತು. ‘ಬ್ಯಾಡ್ರಿ,’ ಎಂದಳು. ‘ನನ್ನ ನಿವಡಬ್ಯಾಡ ಅಂತ ಹೇಳ್ರಿ ನಿಮ್ಮ ದೇವರಿಗೆ. ಕೈ ಮುಗೀತೀನಿ.’

ಅಪ್ಪನ ಮುಖ ಸುಣ್ಣವಾಯಿತು. ಅವನು ಅನುವಾದ ಮಾಡಲೂ ಆಗದೆ ಬಿಡಲೂ ಆಗದೆ ಅದನ್ನು ಪಾದ್ರಿಗಳಿಗೆ ಹೇಳಿದ. ಪಾದ್ರಿಗಳು ನಸುನಕ್ಕರು. ಇದು ಅವರ ಇಷ್ಟದ ಸಬ್ಜೆಕ್ಟ್. ‘ಬ್ಯಾಡ ಅನ್ನೋಕೆ ಆಗೋದೇ ಇಲ್ಲ ಅಂತ ಹೇಳಿ,’ ಎಂದರು ಮರಾಠಿಯಲ್ಲಿ. ‘ದೇವರು ಒಮ್ಮೆ ನಿವಡಿದ ಮೇಲೆ ಮನುಷ್ಯನ ಮಾತು ನಡೆಯೋದಿಲ್ಲ. ಅವನ ಕೈಯಿಂದ ಯಾರೂ ತಪ್ಪಿಸಿಕೊಳ್ಳಲಾರರು.’

ಆಯಿ ಮೊರವನ್ನು ಹತ್ತಿರಕ್ಕೆ ಎಳೆದುಕೊಂಡಳು. ‘ಅಲ್ರೀ, ನಾ ಏನ ತಪ್ಪ ಮಾಡೇನಿ? ಕುರಿ ಕಾದೀನಿ, ಮಕ್ಕಳ್ನ ಹಡದೀನಿ. ನನ್ನ ಗಂಡನ್ನೂ ನಿವಡ್ಯಾರೇನ್ರಿ ಹಂಗಾರ?’

ಅಪ್ಪ ಅದನ್ನೂ ಮರಾಠಿಗೆ ತಿರುಗಿಸಿದ. ‘ಹೌದು, ಅವನನ್ನೂ!’ ಎಂದರು ಪಾದ್ರಿಗಳು, ಸಮಾಧಾನ ಮಾಡಲು.

‘ಅಯ್ಯಯ್ಯೋ, ನನ್ನ ಶಿವನ!’ ಆಯಿ ಮೊರ ಕೆಳಗಿಟ್ಟು ಅಳಲು ಶುರುಮಾಡಿದಳು.

ಪಾದ್ರಿಗಳು ಛತ್ರಿ ಬಿಚ್ಚಿದ ಹಾಗೆ ಎದ್ದು ನಿಂತರು. ದೇವರ ಕೃಪೆಯನ್ನು ಇಷ್ಟು ಸ್ಪಷ್ಟವಾಗಿ ಬೇಡವೆಂದವಳಿಗೆ ತಾವು ದೀಕ್ಷಾಸ್ನಾನ ಕೊಡಲಾರೆವು, ಕ್ಷಮಿಸಬೇಕು ಎಂದರು. ಅಪ್ಪ ಬಾಗಿಲಿಗೆ ಅಡ್ಡ ನಿಂತ. ಜೀವಮಾನದಲ್ಲಿ ಅವನು ಪಾದ್ರಿಗಳಿಗೆ ಎದುರಾಡಿದ್ದು ಅದೊಂದೇ ಸಲ, ಅದೂ ಅವರ ಮರಾಠಿಯಲ್ಲೇ.

‘ಸಾಹೇಬ, ಬ್ಯಾಡ ಅನ್ನಾಕ ಆಗೂದ ಇಲ್ಲ ಅಂತ ಈಗ ತಾವ ಅಂದ್ರಿ. ಆಗೂದಿಲ್ಲ ಅಂದ ಮ್ಯಾಲ ನಮ್ಮವ್ವ ಬ್ಯಾಡ ಅಂದದ್ದು ಲೆಕ್ಕಕ್ಕ ಹ್ಯಾಂಗ ಬಂತ್ರಿ?’

ಪಾದ್ರಿಗಳು ‘ಅದು ಬೇರೆ,’ ಎಂದರು. ಯಾವ ರೀತಿ ಬೇರೆ ಎಂದು ಹೇಳಲು ಮತ್ತೆ ಖುರ್ಚಿಯಲ್ಲಿ ಕೂತರು. ಹೊರಗೆ ಟಾಂಗಾದ ಕುದುರೆ ಕೆನೆಯಿತು.

ನಾನು ಆಯಿಯ ಕಣ್ಣೊರೆಸಲು ಹತ್ತಿರ ಕೂತಿದ್ದೆ. ಅವಳ ಮೊಣಕಾಲಿನ ಪಕ್ಕ ಒಂದು ಸಣ್ಣ ಗುಡ್ಡೆ ಕಂಡಿತು: ಮೊರದಿಂದ ಹೆಕ್ಕಿ ಎಸೆದ ಕಲ್ಲು, ನೆಲ್ಲು, ಮಣ್ಣಿನ ಹೆಂಟೆಯ ಚೂರು. ನನಗೆ ಆಗ ಹೊಳೆಯಿತು. ನಿವಡುವುದು ಎಂಬ ಮರಾಠಿ ಶಬ್ದಕ್ಕೆ ಪಾದ್ರಿಗಳ ಪುಲ್ಪಿಟ್ಟಿನಲ್ಲಿ ದೊಡ್ಡ ಅರ್ಥವಿತ್ತು. ನಮ್ಮ ಕನ್ನಡದ ಮನೆಗಳಿಗೆ ಅದು ಬಂದದ್ದು ಹಿತ್ತಲ ಬಾಗಿಲಿನಿಂದ, ನೇರ ಅಡುಗೆಮನೆಗೆ. ನಮ್ಮಲ್ಲಿ ನಿವಡುವುದು ಅಕ್ಕಿಯನ್ನು ಮಾತ್ರ. ಅಕ್ಕಿ ನಿವಡುವವರು ಎತ್ತಿ ತೆಗೆಯುವುದು ಅಕ್ಕಿಯನ್ನಲ್ಲ, ಕಲ್ಲನ್ನು.

ದೊಡ್ಡವರು ಮಾತಾಡುವಾಗ ಬಾಯಿ ಹಾಕಬಾರದು ಎಂದು ಅಪ್ಪನ ಕಾಯಿದೆ. ‘ಸ್ಪೀಕ್ ಅಪ್, ಚೈಲ್ಡ್’ ಎಂದು ಸಿಸ್ಟರರ ಕಾಯಿದೆ. ಎರಡೂ ನನ್ನೊಳಗೆ ಗುದ್ದಾಡಿದವು. ಗೆದ್ದದ್ದು ಸಿಸ್ಟರ್. ನಾನು ಆ ಗುಡ್ಡೆಯಿಂದ ಒಂದು ಕಲ್ಲನ್ನು ತೆಗೆದು ಪಾದ್ರಿಗಳ ಅಂಗೈಯಲ್ಲಿಟ್ಟೆ. ‘ಪ್ಲೀಸ್ ಸರ್, ಆಯಿ ನಿವಡಿದ್ದು ಇದು,’ ಎಂದೆ ಮರಾಠಿಯಲ್ಲಿ. ‘ಇದನ್ನು ಹೊರಗೆ ಚೆಲ್ಲುತ್ತಾರೆ.’

ಅವರು ಕಲ್ಲನ್ನು ನೋಡಿದರು, ಮೊರವನ್ನು ನೋಡಿದರು. ಅವರ ಮನೆಯಲ್ಲೂ ತಾಯಿ ಅಕ್ಕಿ ನಿವಡಿದ್ದಾಳು. ಅವರ ಗಂಟಲಿನ ಮಣಿ ಮೇಲೆ ಕೆಳಗೆ ಆಡಿತು, ಭುಜ ಅಲುಗಿತು. ಆಮೇಲೆ ಆ ತೆಳ್ಳನೆಯ ದೇಹದಿಂದ ಇಷ್ಟು ದೊಡ್ಡ ನಗು ಬರಬಹುದೆಂದು ನನಗೆ ಗೊತ್ತಿರಲಿಲ್ಲ. ಆಯಿ ಅಳು ನಿಲ್ಲಿಸಿ, ‘ಇವರಿಗೇನಾತೋ?’ ಎಂದಳು.

‘ಹಾಗಾದರೆ ದೇವರು ಏನು ಮಾಡಬೇಕು ಅಂತಾಳೆ, ಕೇಳು,’ ಎಂದರು ಅವರು ನನಗೆ, ಕಣ್ಣೊರೆಸಿಕೊಳ್ಳುತ್ತ.

‘ಏನ ಮಾಡಬೇಕು?’ ಆಯಿ ಮೊರ ಮತ್ತೆ ಎತ್ತಿಕೊಂಡಳು. ‘ನಮ್ಮನ್ನ ಮೊರದಾಗ ಉಳಸಬೇಕು. ಇಬ್ಬರನ್ನೂ ಬಾಜೂ ಬಾಜೂ.’

ಇಲ್ಲಿ ನಾನು ಒದ್ದಾಡಿದೆ. ಉಳಿಸುವುದು ಎಂದರೆ ಹಿಂದೆ ಬಿಡುವುದೂ ಹೌದು, ಕಾಪಾಡುವುದೂ ಹೌದು; ಎರಡಕ್ಕೂ ಸರಿಹೋಗುವ ಒಂದು ಮರಾಠಿ ಶಬ್ದ ನನಗೆ ಸಿಗಲಿಲ್ಲ, ಇಂಗ್ಲಿಷಿನದೂ ಸಿಗಲಿಲ್ಲ. ಕಡೆಗೆ ಎರಡನ್ನೂ ಬೇರೆ ಬೇರೆ ಹೇಳಿದೆ. ಪಾದ್ರಿಗಳು ಆ ಕನ್ನಡ ಶಬ್ದವನ್ನು ತಾವೇ ಎರಡು ಸಲ ಬಾಯಲ್ಲಿ ತಿರುಗಿಸಿ ನೋಡಿದರು. ‘ಪುರೇ,’ ಎಂದರು. ಸಾಕು. ಊಟದಲ್ಲಿ ಅವರಿಗೊಂದು ಕಲ್ಲು ಸಿಕ್ಕಿತು. ಅದನ್ನು ನಿವಡಿ ತಟ್ಟೆಯ ಅಂಚಿಗಿಟ್ಟರು.

ಈಸ್ಟರಿನ ದಿನ ಸೋಲಾಪುರದಲ್ಲಿ ಆಯಿಯ ತಲೆಗೆ ನೀರು ಬಿತ್ತು. ‘ಥಣ್ಣಗೈತಿ ನೀರು,’ ಎಂದು ಅವಳು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಅಲ್ಲಿಂದ ನೇರ ಗೋರಿಗಳ ಜಾಗಕ್ಕೆ. ಮುತ್ಯಾನ ಒಂದು ಮಗ್ಗುಲಿಗೆ ಕಂಪೌಂಡ್ ಗೋಡೆ, ಇನ್ನೊಂದು ಮಗ್ಗುಲು ಖಾಲಿ. ಆಯಿ ಅವನ ಕಾಲ ಬಳಿ ನಿಂತು, ‘ಇದ ನೋಡ್ರಿ, ಬಲಕ್ಕ. ಬಲಗಿವಿ ಕಡಿಗೆ,’ ಎಂದು ತೋರಿಸಿದಳು. ಆಮೇಲೆ, ಅಳತೆ ನೋಡಬೇಕೆಂದು, ದೀಕ್ಷಾಸ್ನಾನದ ಹೊಸ ಬಿಳಿ ಸೀರೆಯಲ್ಲೇ, ಅಪ್ಪ ಹಾಂ ಹಾಂ ಎನ್ನುತ್ತಿರುವಾಗಲೇ, ಆ ಮಣ್ಣಿನ ಮೇಲೆ ಅಂಗಾತ ಮಲಗಿದಳು.

ಮಲಗಿದವಳು ಬಲಗೈ ಎತ್ತಿ ಮುತ್ಯಾನ ಕಡೆ ನೋಡಿದಳು. ಎಡಗೈ ಎತ್ತಿ ನೋಡಿದಳು. ಅವನೂ ಹೀಗೆಯೇ ಅಂಗಾತ ಮಲಗಿದ್ದಾನೆ. ನಿಂತವಳ ಬಲ ಮಲಗಿದವನ ಎಡ. ಈ ಖಾಲಿ ಜಾಗ ಇರುವುದು ಪೂರ್ತಿ ಕಿವುಡಾದ ಕಿವಿಯ ಕಡೆಗೆ. ಬಲಗಿವಿ ಇರುವುದು ಗೋಡೆಗೆ.

ಅಪ್ಪನಿಗೂ ತಿಳಿಯಿತು. ಪಾದ್ರಿಗಳು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಹಣೆಬರಹವೆನ್ನಲಿ, ದೇವರ ನಿಶ್ಚಯವೆನ್ನಲಿ, ಬರೆದವರು ಎಡಕ್ಕೆ ಬರೆದುಬಿಟ್ಟಿದ್ದರು. ನನಗೆ ಅಳು ಬರುವ ಹಾಗಾಯಿತು. ಆಯಿ ಮಲಗಿದಲ್ಲೇ ಸೀರೆಯ ಸೆರಗು ಸರಿಮಾಡಿಕೊಂಡಳು.

‘ಹೋಗ್ಲಿ ಬಿಡ್ರಿ,’ ಎಂದಳು. ‘ಕೂಗೂದಿಲ್ಲ. ಮೊಣಕೈಲೆ ತಿವೀತೀನಿ.’

ಮಲಗಿದಲ್ಲಿಂದಲೇ ತಿವಿದೂ ತೋರಿಸಿದಳು. ಮುತ್ಯಾನ ಕಡೆಗೆ ಬಂದದ್ದು ಅವಳ ಬಲಗೈ, ದಿನಾ ಜೋಳದ ರೊಟ್ಟಿ ಬಡಿದ ಕೈ. ಅದರ ತಿವಿತಕ್ಕೆ ಎತ್ತುಗಳೇ ಎದ್ದು ನಿಂತದ್ದನ್ನು ನಾನು ನೋಡಿದ್ದೇನೆ.

ಈಸ್ಟರ್ ರಜೆ ಮುಗಿದ ಮೇಲೆ ಇದನ್ನೆಲ್ಲ ಸಿಸ್ಟರಿಗೆ ಹೇಳಿದೆ. ‘ದಟ್, ಮೈ ಡಿಯರ್ ಚೈಲ್ಡ್, ಈಸ್ ಎಕ್ಸಾಕ್ಟ್ಲಿ ವಾಟ್ ಐ ಮೀನ್,’ ಎಂದರು. ಪಾದ್ರಿಗಳೂ ಮುಂದಿನ ಭಾನುವಾರ ಪುಲ್ಪಿಟ್ಟಿನಿಂದ, ತಾವು ಹೇಳುವುದು ಇದನ್ನೇ ಎಂದರು. ಆಯಿ ಈಗ ಅಲ್ಲಿಯೇ ಇದ್ದಾಳೆ, ಮುತ್ಯಾನ ಎಡಕ್ಕೆ. ಹೂಳುವಾಗ ಕೈಗಳನ್ನು ಎದೆಯ ಮೇಲೆ ಜೋಡಿಸುವುದು ಪದ್ಧತಿ. ಅಪ್ಪ ಬಲಗೈಯೊಂದನ್ನು ಬಿಡಿಸಿ, ಪಕ್ಕಕ್ಕೆ ಮಲಗಿಸಿದ.